ಎಚ್‌ಡಿ ಮದುವೆ, ಎಸ್‌ಡಿ ಡಿಸ್ಕ್: ಅಕ್ಷತೆ ಬೀಳುವ ಹೊತ್ತಿಗೆ ಬಿಟ್ ಎಲ್ಲಿಂದ ತರೋದು?

ದಾವಣಗೆರೆಯಲ್ಲಿ ನನ್ನ ಜೊತೆ ಮದುವೆ ವಿಡಿಯೊ ಮಿಕ್ಸಿಂಗ್ ಕಲಿಯುತ್ತಿರುವವರಿಗೆ ಅಂತ ಬರೆದುಕೊಂಡ ಟಿಪ್ಪಣಿ ಇದು. ಈಗೆಲ್ಲ ಪೆನ್‌ಡ್ರೈವ್ ಕಾಲ, ಒಪ್ಪಿದೆ. ಆದರೂ ಜಗಳೂರು ಕಡೆಯ ಪಾರ್ಟಿ ಬಂದು "ನಮ್ಮನ್ಯಾಗೆ ಹಳೇ ಡಿವಿಡಿ ಪ್ಲೇಯರ್ ಐತ್ರಿ, ಅದರಾಗೆ ಓಡೋ ಹಂಗೆ ಮಾಡಿಕೊಡ್ರಿ" ಅಂದರೆ ಇಲ್ಲ ಅನ್ನೋಕಾಗಲ್ಲ. ಹೆಚ್ಚು ಪಿಕ್ಸೆಲ್ (ಚಿತ್ರದ ಚುಕ್ಕಿ) ಇರುವ ಎಚ್‌ಡಿಯನ್ನು ಡಿವಿಡಿಯ ಕಡಿಮೆ ಪಿಕ್ಸೆಲಿನ ಎಸ್‌ಡಿಗೆ ಇಳಿಸಲೇಬೇಕು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಇಲ್ಲಿ ಇರುವುದು ಎರಡು ಕೆಲಸ. ಒಂದು, ಚಿತ್ರದ ಅಳತೆ ಕುಗ್ಗಿಸುವುದು. ಇನ್ನೊಂದು, ಕುಗ್ಗಿದ ಚಿತ್ರವನ್ನು ಒತ್ತಿ ಫೈಲ್ ಸಣ್ಣದು ಮಾಡುವುದು, ಅಂದರೆ ಕಂಪ್ರೆಶನ್. ಡಿಸ್ಕ್ ಮಸುಕಾಗಿ ಬಂದರೆ ಎಲ್ಲರೂ ಬೈಯುವುದು ಬಿಟ್‌ರೇಟ್‌ಗೆ, ಅಂದರೆ ಒಂದೊಂದು ಸೆಕೆಂಡಿಗೆ ಎಷ್ಟು ಬಿಟ್ ಡೇಟಾ ಕೊಟ್ಟಿದ್ದೇವೆ ಅನ್ನುವುದಕ್ಕೆ. ನಾನು ನೋಡಿದ ಮಟ್ಟಿಗೆ ಅರ್ಧಕ್ಕಿಂತ ಹೆಚ್ಚು ಸಲ ಚಿತ್ರ ಕೆಟ್ಟಿರುವುದು ಅದಕ್ಕೂ ಮೊದಲೇ, ಕುಗ್ಗಿಸುವಾಗ.

ಲೆಕ್ಕ ನೋಡಿ. ಫುಲ್ ಎಚ್‌ಡಿ ಅಂದರೆ 1920×1080, ಒಂದು ಫ್ರೇಮಿಗೆ 20,73,600 ಪಿಕ್ಸೆಲ್. ನಮ್ಮ ದೇಶದ ಪಾಲ್ ಅನ್ನುವ ಟಿವಿ ಪದ್ಧತಿಯ ಡಿವಿಡಿ 720×576, ಅಂದರೆ 4,14,720. ಭಾಗಿಸಿದರೆ ಸರಿಯಾಗಿ ಐದು. ಐದು ಪಿಕ್ಸೆಲ್ ಇದ್ದ ಜಾಗದಲ್ಲಿ ಒಂದೇ ಉಳಿಯುತ್ತದೆ. ಆ ಐದರ ಸರಾಸರಿ ಹೇಗೆ ತೆಗೆಯುತ್ತೀರಿ ಅನ್ನುವುದರ ಮೇಲೆ ಅರ್ಧ ಗುಣಮಟ್ಟ ನಿಂತಿದೆ.

ಅಗಲ-ಎತ್ತರದ ಅನುಪಾತ ನೋಡಿದರೆ 720×576 ಅನ್ನುವುದು ವೈಡ್‌ಸ್ಕ್ರೀನಿನ 16:9 ಅಲ್ಲ, ಹಳೇ ಟಿವಿಯ 4:3 ಕೂಡ ಅಲ್ಲ. ಡಿವಿಡಿಯಲ್ಲಿ ಪಿಕ್ಸೆಲ್ ಚೌಕವೇ ಅಲ್ಲ. ವೈಡ್‌ಸ್ಕ್ರೀನ್ ಚಿತ್ರವನ್ನು ಅಡ್ಡಕ್ಕೆ ಹಿಂಡಿ 720ರೊಳಗೆ ತುಂಬಿರುತ್ತೇವೆ, ಪ್ಲೇಯರ್ ಅದನ್ನು ಮತ್ತೆ 1024ರ ಅಗಲಕ್ಕೆ ಎಳೆದು ತೋರಿಸಬೇಕು. ಹಾಗೆ ಎಳೆ ಅಂತ ಹೇಳುವುದು ಫೈಲಿನೊಳಗಿನ ಒಂದು ಸಣ್ಣ ಗುರುತು, 16:9 ಫ್ಲ್ಯಾಗ್. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದನ್ನು 4:3ರಲ್ಲೇ ಬಿಟ್ಟು ಡಿಸ್ಕ್ ಬರೆದುಕೊಟ್ಟೆ. ನಾಲ್ಕು ದಿನಕ್ಕೆ ಮದುಮಗನ ಅಕ್ಕ ಅಂಗಡಿಗೆ ಬಂದರು. "ಏನಣ್ಣಾ ಇದು, ಎಲ್ಲಾರೂ ಮೆಕ್ಕೆಜೋಳದ ದಂಟು ಆಗ್ಯಾರಲ್ಲ! ಖುಷಿ ಆಗಿರೋದು ನಮ್ಮ ದೊಡ್ಡಮ್ಮ ಒಬ್ರಿಗೇ." ಬಿಟ್‌ರೇಟ್, ಬಣ್ಣ ಎಲ್ಲ ಸರಿಯಿತ್ತು, ತಪ್ಪಿದ್ದು ಒಂದು ಗುರುತು. ಹತ್ತು ಡಿಸ್ಕ್ ಮತ್ತೆ ಬರೆದೆ, ಖರ್ಚು ನನ್ನದೇ.

ಮುಂದಿನದು ಇಂಟರ್‌ಲೇಸ್. ಹಳೆಯ ಕ್ಯಾಮೆರಾದಲ್ಲಿ 1080ಐ ಅಂತ ಶೂಟ್ ಆಗಿದ್ದರೆ ಒಂದು ಫ್ರೇಮ್ ಒಳಗೆ ಎರಡು ಬೇರೆ ಬೇರೆ ಕ್ಷಣಗಳಿರುತ್ತವೆ: ಬೆಸ ಗೆರೆಗಳಲ್ಲಿ ಒಂದು, ಸಮ ಗೆರೆಗಳಲ್ಲಿ ಅದಾದ ಐವತ್ತನೇ ಒಂದು ಸೆಕೆಂಡಿನದು. ಈ ಒಂದೊಂದು ಗೆರೆಗುಂಪಿಗೆ ಫೀಲ್ಡ್ ಅನ್ನುತ್ತಾರೆ. ಇದನ್ನು ಹಾಗೇ 1080ರಿಂದ 576ಕ್ಕೆ ಇಳಿಸಿದರೆ ಎರಡು ಕ್ಷಣಗಳ ಗೆರೆ ಕಲಸಿಹೋಗುತ್ತವೆ, ಆಮೇಲೆ ಯಾವ ಫಿಲ್ಟರ್ ಹಾಕಿದರೂ ಬಿಡಿಸೋಕಾಗಲ್ಲ. ಚಿತ್ರದುರ್ಗದ ಜೋಗಿಮಟ್ಟಿ ಕಡೆ ಪ್ರೀ‌-ವೆಡ್ಡಿಂಗ್ ಶೂಟ್ ಮಾಡಿದ ಫೈಲಿದ್ದರೆ ಹಿಂದೆ ತಿರುಗುವ ಗಾಳಿಯಂತ್ರದ ರೆಕ್ಕೆ ನೋಡಿ. ತಪ್ಪಾಗಿ ಇಳಿಸಿದ್ದರೆ ಒಂದು ರೆಕ್ಕೆ ಇದ್ದಲ್ಲಿ ಎರಡು ಮಬ್ಬು ರೆಕ್ಕೆ ಕಾಣುತ್ತವೆ. ಅದಕ್ಕೇ ಮೊದಲು ಡೀಇಂಟರ್‌ಲೇಸ್, ಅಂದರೆ ಎರಡು ಕ್ಷಣಗಳನ್ನು ಬಿಡಿಸುವುದು, ಆಮೇಲೆ ಕುಗ್ಗಿಸುವುದು. ವಿಡಿಯೊ ಬದಲಾಯಿಸುವ ಸಾಫ್ಟ್‌ವೇರ್‌ಗಳಾದ ಎಫ್‌ಎಫ್‌ಎಂಪೆಗ್, ಹ್ಯಾಂಡ್‌ಬ್ರೇಕ್ ಎರಡರಲ್ಲೂ ಇದಕ್ಕೆ ಯಾಡಿಫ್ ಅನ್ನುವ ಫಿಲ್ಟರ್ ಇದೆ. ಅದನ್ನು ಪ್ರತಿ ಫೀಲ್ಡಿಗೂ ಒಂದು ಫ್ರೇಮ್ ಕೊಡುವಂತೆ ಇಟ್ಟರೆ ಸೆಕೆಂಡಿಗೆ 50 ಫ್ರೇಮ್ ಬರುತ್ತದೆ. ಅದನ್ನು ಕುಗ್ಗಿಸಿ, ಡಿವಿಡಿಗೆ ಬೇಕಿದ್ದರೆ ಮತ್ತೆ 50 ಫೀಲ್ಡ್ ಆಗಿ ಹೆಣೆಯಬಹುದು. ಚಲನೆ ನುಣುಪಾಗಿ ಉಳಿಯುತ್ತದೆ. ಮೊದಲೇ ಪ್ರೋಗ್ರೆಸಿವ್ ಆಗಿ, ಅಂದರೆ ಒಂದು ಫ್ರೇಮಿಗೆ ಒಂದೇ ಕ್ಷಣದಂತೆ, ಶೂಟ್ ಆಗಿದ್ದರೆ ಈ ಫಿಲ್ಟರ್ ಮುಟ್ಟಲೇಬೇಡಿ, ಸುಮ್ಮನೆ ಚೂಪು ಹೋಗುತ್ತದೆ.

ಕುಗ್ಗಿಸುವ ವಿಧಾನಕ್ಕೆ ಬೈಕ್ಯೂಬಿಕ್ ಅಥವಾ ಲ್ಯಾಂಕ್ಜೋಸ್. ಲ್ಯಾಂಕ್ಜೋಸ್ ಚೂಪಾಗಿ ಕೊಡುತ್ತದೆ, ಆದರೆ ಗಟ್ಟಿ ಅಂಚುಗಳ ಪಕ್ಕ ತೆಳು ನೆರಳುಗೆರೆ ಬಿಡುತ್ತದೆ. ಕೋಟೆಯ ಬಂಡೆಗಳ ಮುಂದೆ ತೆಗೆದ ಶಾಟಿಗೆ ಅದು ಚೆನ್ನ. ಜರಿ ಅಂಚಿನ ರೇಷ್ಮೆ ಸೀರೆಗೆ ಬೇಡ. ಜರಿಯ ಸಣ್ಣ ಅಡ್ಡಗೆರೆ ಒಂದೇ ಫೀಲ್ಡಿನಲ್ಲಿ ಸಿಕ್ಕಿಬಿದ್ದರೆ ಹಳೇ ಟಿವಿಯಲ್ಲಿ ಸೀರೆ ಅಂಚು ಮಿಣಮಿಣ ಅನ್ನುತ್ತದೆ. ಮದುವೆಗೆ ನಾನು ಬೈಕ್ಯೂಬಿಕ್ ಹಾಕಿ ಸುಮ್ಮನಾಗುತ್ತೇನೆ.

ಬಣ್ಣದ ವಿಷಯ ಚಿಕ್ಕದು, ಮರೆಯುವುದು ಮಾತ್ರ ಜಾಸ್ತಿ. ಎಚ್‌ಡಿ ಬಣ್ಣದ ಸೂತ್ರ ಬಿಟಿ 709, ಎಸ್‌ಡಿಯದು ಬಿಟಿ 601. ಬದಲಾಯಿಸದೆ ಕಳಿಸಿದರೆ ಕೆಂಪು ಒಂದಿಷ್ಟು ಮಂಕಾಗಿ, ಹಸಿರು ಎದ್ದುಕೊಂಡು ಬರುತ್ತದೆ. ಚಪ್ಪರದ ಬಾಳೆ ಎಲೆ ವಧುವಿನ ಸೀರೆಗಿಂತ ಮೆರೆಯುತ್ತಿದ್ದರೆ ಇದನ್ನೇ ಮೊದಲು ಅನುಮಾನಿಸಿ.

ಇನ್ನು ಬಿಟ್‌ಗಳು. ಎರಡೂವರೆ ಗಂಟೆಯ ಮದುವೆ ಅಂದರೆ 9,000 ಸೆಕೆಂಡ್. ಒಂದು ಪದರದ ಡಿಸ್ಕಿನಲ್ಲಿ 470 ಕೋಟಿ ಬೈಟ್ ಜಾಗ, ಕಂಪ್ಯೂಟರ್ 1024ರಿಂದ ಭಾಗಿಸುತ್ತಾ ಹೋಗುವುದರಿಂದ ಅದು 4.37 ಜಿಬಿ ಅಂತ ತೋರಿಸುತ್ತದೆ, ಗಾಬರಿ ಬೇಡ. ಬೈಟಿಗೆ ಎಂಟು ಬಿಟ್, ಎಂಟರಿಂದ ಗುಣಿಸಿದರೆ 3,760 ಕೋಟಿ ಬಿಟ್. 9,000ದಿಂದ ಭಾಗಿಸಿ: ಸೆಕೆಂಡಿಗೆ ಸುಮಾರು 41.8 ಲಕ್ಷ. ಮೆನು ಅದು ಇದು ಅಂತ ಶೇಕಡಾ 5 ಬಿಟ್ಟರೆ 39.7 ಲಕ್ಷ, ಅದರಲ್ಲಿ ಧ್ವನಿಗೆ 2.24 ಲಕ್ಷ. ಚಿತ್ರಕ್ಕೆ ಉಳಿಯುವುದು 37.5 ಲಕ್ಷ, ಅಂದರೆ ಸೆಟ್ಟಿಂಗಿನಲ್ಲಿ 3750 ಕೆಬಿಪಿಎಸ್. ಡಿವಿಡಿಯಲ್ಲಿ ಚಿತ್ರಕ್ಕೆ ನಿಯಮದ ಪ್ರಕಾರ 98 ಲಕ್ಷದವರೆಗೆ ಹೋಗಬಹುದು. ನಾನು ಗರಿಷ್ಠ ಮಿತಿಯನ್ನು 80 ಲಕ್ಷಕ್ಕೆ ಇಡುತ್ತೇನೆ, ಯಾಕಂದರೆ ಬರೆದ ಡಿಸ್ಕನ್ನು ಓದುವಾಗ ಹಳೇ ಪ್ಲೇಯರ್‌ಗಳು ತಡವರಿಸುತ್ತವೆ.

ಈ 37.5 ಲಕ್ಷವನ್ನು ಪ್ರತಿ ಸೆಕೆಂಡಿಗೂ ಸಮನಾಗಿ ಹಂಚಿದಿರೋ, ಮುಹೂರ್ತದಲ್ಲಿ ಸಿಕ್ಕಿಬೀಳುತ್ತೀರಿ. ಚಿತ್ರವನ್ನು ಒತ್ತುವ ಸಾಫ್ಟ್‌ವೇರ್, ಅಂದರೆ ಎನ್‌ಕೋಡರ್, ಕೆಲಸ ಮಾಡುವ ರೀತಿಯೇ ಹಾಗೆ: ಹಿಂದಿನ ಫ್ರೇಮಿನ ತುಂಡು ಈ ಫ್ರೇಮಿನಲ್ಲಿ ಎಲ್ಲಿಗೆ ಸರಿಯಿತು ಅಂತ ಹುಡುಕಿ, ಸರಿದ ದೂರವನ್ನಷ್ಟೇ ಬರೆದುಕೊಳ್ಳುತ್ತದೆ. ಪುರೋಹಿತರು ಕೂತು ಮಂತ್ರ ಹೇಳುತ್ತಿದ್ದರೆ ಬರೆಯಲು ಏನೂ ಇಲ್ಲ, ಬಿಟ್ ಉಳಿಯುತ್ತದೆ. ಗಟ್ಟಿಮೇಳ ಅಂದ ತಕ್ಷಣ ನಾಲ್ಕು ದಿಕ್ಕಿನಿಂದ ಸಾವಿರ ಅಕ್ಷತೆ ಕಾಳು ಹಾರುತ್ತವೆ. ಒಂದೊಂದರ ದಾರಿ ಬೇರೆ, ವೇಗ ಬೇರೆ. ಅದರ ಮೇಲೆ ಫೋಟೊದವನ ಫ್ಲ್ಯಾಶ್. ಹಿಂದಿನ ಫ್ರೇಮಿನಿಂದ ಎರವಲು ತರಲು ಏನೂ ಸಿಗದೆ ಎನ್‌ಕೋಡರ್ ಕೈಚೆಲ್ಲಿ, ಮುಖದ ಮೇಲೆಲ್ಲ ಚೌಕ ಚೌಕ ಎಬ್ಬಿಸುತ್ತದೆ. ಇಡೀ ಮದುವೆಯಲ್ಲಿ ಮನೆಯವರು ಮತ್ತೆ ಮತ್ತೆ ನೋಡುವುದು ಈ ಹತ್ತು ಸೆಕೆಂಡನ್ನೇ.

ಇದಕ್ಕೆ ಉತ್ತರ ಟೂ-ಪಾಸ್ ವೇರಿಯಬಲ್ ಬಿಟ್‌ರೇಟ್. ಮೊದಲ ಸುತ್ತಿನಲ್ಲಿ ಎಲ್ಲಿ ಕಷ್ಟ, ಎಲ್ಲಿ ಸುಲಭ ಅಂತ ಗುರುತು ಹಾಕಿಕೊಂಡು, ಎರಡನೇ ಸುತ್ತಿನಲ್ಲಿ ಊಟದ ಪಂಕ್ತಿಯಲ್ಲಿ ಉಳಿಸಿದ್ದನ್ನು ಅಕ್ಷತೆಗೆ ಸುರಿಯುತ್ತದೆ. ಸಮಯ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ. ರಾತ್ರಿ ರೆಂಡರ್ ಹಾಕಿ ಮನೆಗೆ ಹೋಗಿ.

ಪೆನ್‌ಡ್ರೈವ್ ಆದರೆ ಲೆಕ್ಕ ಬೇರೆ, ಇಷ್ಟೇ ಸೈಜು ಅನ್ನುವ ಕಟ್ಟುಪಾಡಿಲ್ಲ. ಹಾಗಾಗಿ ಟೂ-ಪಾಸ್ ಕೂಡ ಬೇಡ. ಎಚ್.264 ಅನ್ನುವ ಕಂಪ್ರೆಶನ್ ಪದ್ಧತಿಯಲ್ಲಿ ಸಿಆರ್‌ಎಫ್ (ಗುಣಮಟ್ಟ ಹೇಳುವ ಸಂಖ್ಯೆ) ಕೊಟ್ಟರೆ ಗುಣಮಟ್ಟ ಸ್ಥಿರವಾಗಿರುತ್ತದೆ, ಸೈಜು ತಾನೇ ಹೊಂದಿಕೊಳ್ಳುತ್ತದೆ. ಎಕ್ಸ್‌264 ಅನ್ನುವ ಎನ್‌ಕೋಡರಿನಲ್ಲಿ ನಾವು ಏನೂ ಹೇಳದಿದ್ದರೆ ಈ ಸಂಖ್ಯೆ 23, ಆರು ಏರಿಸಿದರೆ ಫೈಲ್ ಹೆಚ್ಚುಕಡಿಮೆ ಅರ್ಧ. ಎಸ್‌ಡಿಗೆ 18ರಿಂದ 22ರ ಒಳಗೆ ಇರಲಿ, ನಾನು 19 ಇಡುತ್ತೇನೆ. ಚಿತ್ರ ಸಣ್ಣದಲ್ವಾ, ಜಾಸ್ತಿ ಒತ್ತಬಹುದು ಅನ್ನಿಸುತ್ತದೆ. ಆದರೆ ದೊಡ್ಡ ಟಿವಿ ಆ ಒಂದೊಂದು ಪಿಕ್ಸೆಲನ್ನೂ ಹಿಗ್ಗಿಸಿ ತೋರಿಸುತ್ತದೆ, ಕಲೆಯೂ ಜೊತೆಗೆ ಹಿಗ್ಗುತ್ತದೆ. ಎನ್‌ಕೋಡರಿನ ವೇಗ ಆರಿಸುವ ಪ್ರೀಸೆಟ್ ಸ್ಲೋ ಸಾಕು. ಅಳತೆ ಚೌಕ ಪಿಕ್ಸೆಲಿನ 1024×576, ಇಲ್ಲಿ ಹಿಂಡುವ ರಗಳೆಯೇ ಇಲ್ಲ. ಹಳೇ ಟಿವಿಯ ಯುಎಸ್‌ಬಿ ಕಿಂಡಿ ಹಟ ಹಿಡಿದರೆ 720×576ಕ್ಕೆ ಇಳಿಸಿ. 16×16 ಪಿಕ್ಸೆಲಿನ ತುಂಡುಗಳಲ್ಲಿ ಎಣಿಸಿದರೆ ಅದು ಫ್ರೇಮಿಗೆ 1,620, ಸೆಕೆಂಡಿಗೆ 25ರಂತೆ 40,500. ಪ್ಲೇಯರ್ ಎಷ್ಟು ಭಾರ ಹೊರಬೇಕು ಅಂತ ಎಚ್.264ರಲ್ಲಿ ಲೆವೆಲ್‌ಗಳಿವೆ, ಲೆವೆಲ್ 3.0ರ ಮಿತಿಯೂ ಸರಿಯಾಗಿ ಅಷ್ಟೇ. ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟಿನಲ್ಲಿ ಇದ್ದರೆ ಒಂದು ಫೈಲ್ 4 ಜಿಬಿ ಮುಟ್ಟುವ ಹಾಗಿಲ್ಲ ಅನ್ನುವುದೂ ನೆನಪಿರಲಿ.

ರಾತ್ರಿ ರಿಸೆಪ್ಶನ್ ಶಾಟುಗಳಲ್ಲಿ ಕಾಳುಕಾಳು ನಾಯ್ಸ್ ಇರುತ್ತದೆ. ಪ್ರತಿ ಫ್ರೇಮಿಗೂ ಬದಲಾಗುವುದರಿಂದ ಎನ್‌ಕೋಡರ್ ಪಾಲಿಗೆ ಅದೂ ಅಕ್ಷತೆಯೇ. ಹಾಗಂತ ಮೊದಲೇ ಡೀನಾಯ್ಸ್ ಬಳಿಯಬೇಡಿ. ಐದು ಪಿಕ್ಸೆಲ್ ಸೇರಿ ಒಂದಾಗುವಾಗಲೇ ಎಷ್ಟೋ ನಾಯ್ಸ್ ಕರಗಿರುತ್ತದೆ. ಕುಗ್ಗಿಸಿ ನೋಡಿ, ಆಮೇಲೂ ಉಳಿದಿದ್ದರೆ ತೆಳ್ಳಗೆ ಹಾಕಿ. ಜಾಸ್ತಿಯಾದರೆ ಮುಖ ಮೇಣದ ಗೊಂಬೆ.

ಇಡೀ ಮದುವೆ ರೆಂಡರ್ ಹಾಕುವ ಮೊದಲು ಮೂರು ತುಣುಕು ಕತ್ತರಿಸಿ ರೀರೈಟೆಬಲ್ ಡಿಸ್ಕಿಗೆ ಬರೆಯಿರಿ: ಅಕ್ಷತೆಯ ಮೂವತ್ತು ಸೆಕೆಂಡ್, ಜರಿ ಸೀರೆಯ ಒಂದು ಕ್ಲೋಸಪ್, ಕ್ಯಾಮೆರಾ ಎಡದಿಂದ ಬಲಕ್ಕೆ ಮೆಲ್ಲಗೆ ತಿರುಗುವ ಒಂದು ಶಾಟ್. ಮಾನಿಟರಿನಲ್ಲಿ ನೋಡಿ ಒಪ್ಪಬೇಡಿ. ನಮ್ಮ ಅಂಗಡಿಯ ಹಿಂದಿನ ರೂಮಿನಲ್ಲಿ ಡಬ್ಬಾ ಟಿವಿ, ಮುಚ್ಚಳ ಸಡಿಲವಾದ ಪ್ಲೇಯರ್ ಎರಡನ್ನೂ ಇದಕ್ಕೇ ಅಂತ ಇಟ್ಟುಕೊಂಡಿದ್ದೇವೆ. ಅದರಲ್ಲಿ ಹಾಕಿ, ಮೊದಲು ಯಾರದ್ದಾದರೂ ಮುಖ ನೋಡಿ ಉದ್ದ ಆಗಿದೆಯಾ ಅಂತ. ಆಮೇಲೆ ಅಕ್ಷತೆ.