ಗಾಯದ ಭಯವಿರುವ ಸ್ಟಾರ್‌ಗೆ ಕೋಟಿಗಟ್ಟಲೆ ಡಾಲರ್ ಕೊಡಬೇಕಾ?

ಪ್ರಶ್ನೆ: ಅಮೆರಿಕದ ಬೇಸ್‌ಬಾಲ್ ಈಚೆಗೆ ನೋಡಲು ಶುರು ಮಾಡಿದ್ದೇನೆ. ಪದೇ ಪದೇ ಗಾಯವಾಗಿ ಹೊರಗೆ ಕೂರುವ ಆಟಗಾರನಿಗೂ ತಂಡಗಳು ಐದು, ಏಳು ವರ್ಷದ ಕರಾರು ಮಾಡಿಕೊಡುತ್ತವಲ್ಲ, ಇದು ಸರಿಯಾ?

ಉತ್ತರ: ಕೆಲವು ತಂಡಗಳಿಗೆ ಸರಿ, ಎಲ್ಲರಿಗೂ ಅಲ್ಲ. ಅವನು ಆಡಿದರೆ ಏನಾಗುತ್ತದೆ ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ಅವನು ಒಂದು ವರ್ಷ ಪೂರ್ತಿ ಆಡದಿದ್ದರೂ ತಂಡ ನಿಲ್ಲುತ್ತದಾ? ನಾನು ಮೊದಲು ಕೇಳುವುದು ಇದನ್ನು.

ಐಪಿಎಲ್ ನೋಡುವವರಿಗೆ ಇಲ್ಲಿ ಒಂದು ವಿಷಯ ಹೊಸದು ಅನ್ನಿಸಬಹುದು. ಐಪಿಎಲ್‌ನಲ್ಲಿ ಎಲ್ಲ ತಂಡಗಳಿಗೂ ಒಂದೇ ಪರ್ಸ್, ಕೆಲವು ವರ್ಷಕ್ಕೊಮ್ಮೆ ಮೆಗಾ ಹರಾಜು ನಡೆದು ತಂಡ ಬಹುಪಾಲು ಹೊಸದಾಗುತ್ತದೆ, ಹಾಗಾಗಿ ಒಂದು ದುಬಾರಿ ತಪ್ಪು ಬಹಳ ವರ್ಷ ಕಾಡುವುದಿಲ್ಲ. ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಹಾಗಿಲ್ಲ. ಫ್ರೀ ಏಜೆಂಟ್ (ಹಳೇ ಕರಾರು ಮುಗಿದು ಯಾವ ತಂಡಕ್ಕಾದರೂ ಸೇರಬಹುದಾದ ಆಟಗಾರ) ಜೊತೆ ಕರಾರಿಗೆ ಸಹಿ ಬಿತ್ತು ಅಂದರೆ ಆ ದುಡ್ಡು ಖಾತ್ರಿ. ಮೊಣಕೈ ಹೋದರೂ, ಭುಜ ಹೋದರೂ ಸಂಬಳ ಕೊಡಲೇಬೇಕು. ಖರ್ಚಿಗೆ ಕಟ್ಟುನಿಟ್ಟಿನ ಮಿತಿ ಇಲ್ಲ, ಆದರೆ ಒಂದು ಮಟ್ಟ ದಾಟಿದರೆ ತೆರಿಗೆ ಬೀಳುತ್ತದೆ (2023ರಲ್ಲಿ ಆ ಮಟ್ಟ 23.3 ಕೋಟಿ ಡಾಲರ್ ಇತ್ತು), ಮತ್ತು ಆ ಲೆಕ್ಕದಲ್ಲಿ ಗಾಯಗೊಂಡು ಕೂತವನ ಸಂಬಳವೂ ಸೇರುತ್ತದೆ.

ಈಗ ಜೇಕಬ್ ಡಿಗ್ರಾಮ್ ಕಥೆ ನೋಡಿ. ನ್ಯೂಯಾರ್ಕ್ ಮೆಟ್ಸ್‌ಗೆ ಆಡುತ್ತಾ 2018, 2019ರಲ್ಲಿ ಸತತವಾಗಿ ಸೈ ಯಂಗ್ ಪ್ರಶಸ್ತಿ (ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವುದು) ಗೆದ್ದ ಪಿಚರ್, ಅಂದರೆ ಚೆಂಡೆಸೆಯುವವನು. ಚೆನ್ನಾಗಿದ್ದ ದಿನ ಅವನನ್ನು ಎದುರಿಸುವುದು ಯಾರಿಗೂ ಸುಲಭ ಇರಲಿಲ್ಲ. ಆದರೆ 2021ರಲ್ಲಿ 15 ಪಂದ್ಯ, 2022ರಲ್ಲಿ 11 ಪಂದ್ಯ, ಅಷ್ಟೇ ಶುರು ಮಾಡಲು (ಪಂದ್ಯದ ಮೊದಲಿನಿಂದ ಚೆಂಡೆಸೆಯಲು) ಆಗಿದ್ದು. ಆರೋಗ್ಯವಾಗಿರುವ ಇಂಥ ಪಿಚರ್ ಒಂದು ಸೀಸನ್‌ನಲ್ಲಿ 30ರ ಆಸುಪಾಸು ಶುರು ಮಾಡುತ್ತಾನೆ. ಹೀಗಿದ್ದರೂ 2022ರ ಡಿಸೆಂಬರ್‌ನಲ್ಲಿ, ಅವನಿಗೆ 34 ತುಂಬಿದ ಮೇಲೆ, ಟೆಕ್ಸಸ್ ರೇಂಜರ್ಸ್ ಐದು ವರ್ಷಕ್ಕೆ 18.5 ಕೋಟಿ ಡಾಲರ್ ಕೊಟ್ಟಿತು. ಆ ವರ್ಷ 94 ಪಂದ್ಯ ಸೋತಿದ್ದ ತಂಡ ಅದು!

ಹೆದರಿದ ಹಾಗೇ ಆಯಿತು. 2023ರಲ್ಲಿ ಆರು ಪಂದ್ಯ ಶುರು ಮಾಡಿದ, ಜೂನ್‌ನಲ್ಲಿ ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಆಯಿತು, ಅದೂ ಎರಡನೇ ಸಲ. ಆದರೂ ಆ ವರ್ಷ ರೇಂಜರ್ಸ್ ತಮ್ಮ ಇತಿಹಾಸದಲ್ಲೇ ಮೊದಲ ವರ್ಲ್ಡ್ ಸೀರೀಸ್ (ಲೀಗ್‌ನ ಫೈನಲ್ ಸರಣಿ) ಗೆದ್ದರು. ಹೇಗೆ ಅಂದರೆ, ಅವರು ಒಬ್ಬನನ್ನೇ ನಂಬಿ ಕೂತಿರಲಿಲ್ಲ. ಅದೇ ಚಳಿಗಾಲದಲ್ಲಿ ನೇಥನ್ ಇವಾಲ್ಡಿಯನ್ನು ಎರಡು ವರ್ಷಕ್ಕೆ 3.4 ಕೋಟಿ ಡಾಲರ್‌ಗೆ ತಂದಿದ್ದರು, ಅವನು ಪ್ಲೇಆಫ್‌ನಲ್ಲಿ ಐದು ಪಂದ್ಯ ಗೆದ್ದುಕೊಟ್ಟ. ಜುಲೈ ಕೊನೆಯಲ್ಲಿ ಮ್ಯಾಕ್ಸ್ ಶೆರ್ಜರ್ ಮತ್ತು ಜೋರ್ಡನ್ ಮಾಂಟ್ಗಮರಿಯನ್ನು ಟ್ರೇಡ್ ಮಾಡಿಕೊಂಡರು. ಬ್ಯಾಟಿಂಗ್‌ಗೆ ಕೋರಿ ಸೀಗರ್ ಮತ್ತು ಮಾರ್ಕಸ್ ಸಿಮಿಯನ್ ಹಿಂದಿನ ವರ್ಷವೇ ಬಂದಿದ್ದರು. ಡಿಗ್ರಾಮ್ ಇಲ್ಲದಿದ್ದರೂ ನಡೆಯುವಂಥ ತಂಡ, ಮತ್ತೆ ಮತ್ತೆ ಖರ್ಚು ಮಾಡಲು ರೆಡಿ ಇದ್ದ ಮಾಲೀಕರು. ಅಂಥವರು ರಿಸ್ಕ್ ತಗೊಂಡರೆ ನನ್ನ ತಕರಾರಿಲ್ಲ.

ಇದಕ್ಕೆ ಉಲ್ಟಾ ಉದಾಹರಣೆ ಲಾಸ್ ಏಂಜಲಿಸ್ ಏಂಜಲ್ಸ್. 2019ರ ಡಿಸೆಂಬರ್‌ನಲ್ಲಿ ಬ್ಯಾಟರ್ ಆಂಥನಿ ರೆಂಡನ್‌ಗೆ ಏಳು ವರ್ಷ, 24.5 ಕೋಟಿ ಡಾಲರ್. ಮುಂದೆ ಯಾವ ಸೀಸನ್‌ನಲ್ಲೂ ಅವನು 58ಕ್ಕಿಂತ ಜಾಸ್ತಿ ಪಂದ್ಯ ಆಡಲಿಲ್ಲ, ಸೀಸನ್‌ನಲ್ಲಿ ಸಾಮಾನ್ಯವಾಗಿ ಇರುವುದು 162. ಮೈಕ್ ಟ್ರೌಟ್ ಮತ್ತು ಶೋಹೇ ಓಟಾನಿ ಇಬ್ಬರೂ ಇದ್ದ ತಂಡ ಅದು, ಆದರೂ ಅವರಿಬ್ಬರ ಜೊತೆ ಒಮ್ಮೆಯೂ ಪ್ಲೇಆಫ್ ಕಾಣಲಿಲ್ಲ. ಎಲ್ಲ ತಪ್ಪನ್ನೂ ರೆಂಡನ್ ತಲೆಗೆ ಕಟ್ಟೋದು ಅನ್ಯಾಯ. ಆ ತಂಡಕ್ಕೆ ಬೇಕಾಗಿದ್ದು ಆಳ, ನಂಬಿಕೆಗೆ ಯೋಗ್ಯ ಪಿಚರ್‌ಗಳು. ಅದು ಬಿಟ್ಟು ಮೂರನೇ ಸ್ಟಾರ್ ಮೇಲೆ ದುಡ್ಡು ಹೋಯಿತು. ಅದೇ ವಾರ, ಅದೇ ಮೊತ್ತಕ್ಕೆ, ವಾಷಿಂಗ್ಟನ್ ನ್ಯಾಷನಲ್ಸ್ ತನ್ನ ಪಿಚರ್ ಸ್ಟೀಫನ್ ಸ್ಟ್ರಾಸ್‌ಬರ್ಗ್‌ನನ್ನು ಉಳಿಸಿಕೊಂಡಿತ್ತು. ವರ್ಲ್ಡ್ ಸೀರೀಸ್ ಗೆಲ್ಲಿಸಿಕೊಟ್ಟವನನ್ನು ಬಿಡೋದು ಕಷ್ಟ, ಆ ಭಾವನೆ ನನಗೂ ಅರ್ಥ ಆಗುತ್ತದೆ. ಆ ಕರಾರಿನಲ್ಲಿ ಅವನು ಆಡಿದ್ದು ಎಂಟೇ ಪಂದ್ಯ. ಹಿಂದಿನ ಗೆಲುವಿಗೆ ಥ್ಯಾಂಕ್ಸ್ ಹೇಳಲು ಏಳು ವರ್ಷದ ಕರಾರು ತುಂಬಾ ದುಬಾರಿ ದಾರಿ.

ಹಾಗಾಗಿ ಜಗ್ಗಾಡಬೇಕಾಗಿದ್ದು ವರ್ಷಗಳ ಮೇಲೆ ಅಂತ ನನ್ನ ಅಭಿಪ್ರಾಯ. ವರ್ಷಕ್ಕೆ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ, ಕರಾರು ಚಿಕ್ಕದಿರಲಿ. ತಂಡಗಳು ಉದ್ದ ಎಳೆಯುವುದಕ್ಕೂ ಕಾರಣ ಇದೆ. ತೆರಿಗೆಯ ಲೆಕ್ಕಕ್ಕೆ ಬರುವುದು ಕರಾರಿನ ವಾರ್ಷಿಕ ಸರಾಸರಿ, ವರ್ಷ ಜಾಸ್ತಿ ಆದಷ್ಟೂ ಸರಾಸರಿ ಇಳಿಯುತ್ತದೆ. ಇವತ್ತಿನ ತೆರಿಗೆ ಉಳಿಸಲು ನಲವತ್ತರ ಹತ್ತಿರದ ಆಟಗಾರನಿಗೆ ಸಂಬಳ ಕೊಡುವ ವ್ಯವಹಾರ ಅದು. ಇನ್ನು ಆಟಗಾರನಿಗೆ ಮಾತ್ರ ಮಧ್ಯದಲ್ಲಿ ಬಿಟ್ಟುಹೋಗುವ ಹಕ್ಕು ಕೊಟ್ಟರಂತೂ, ಚೆನ್ನಾಗಿ ಆಡಿದವನು ಹೊರಟುಹೋಗುತ್ತಾನೆ, ಗಾಯಗೊಂಡವನು ಉಳಿಯುತ್ತಾನೆ.

ಮಧ್ಯದ ದಾರಿ ಇಲ್ಲವಾ? ಇದೆ. ಕಾರ್ಲೋಸ್ ಕೊರೆಯಾ ಜೊತೆ 2022ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ 13 ವರ್ಷಕ್ಕೆ 35 ಕೋಟಿ ಡಾಲರ್ ಅಂತ ಒಪ್ಪಿಕೊಂಡಿತ್ತು. ವೈದ್ಯಕೀಯ ತಪಾಸಣೆಯಲ್ಲಿ 2014ರ ಹಳೇ ಕಾಲಿನ ಗಾಯ ಕಂಡು ಹಿಂದೆ ಸರಿಯಿತು. ಮೆಟ್ಸ್ 12 ವರ್ಷಕ್ಕೆ 31.5 ಕೋಟಿ ಅಂದಿತು, ಅದೂ ಅದೇ ಕಾಲಿನಿಂದಾಗಿ ಮುರಿದುಬಿತ್ತು. ಕೊನೆಗೆ ಮಿನೆಸೋಟ ಟ್ವಿನ್ಸ್ ಆರು ವರ್ಷಕ್ಕೆ 20 ಕೋಟಿ ಖಾತ್ರಿ ಕೊಟ್ಟಿತು, ಮುಂದಿನ ವರ್ಷಗಳು ಅವನು ಎಷ್ಟು ಆಡುತ್ತಾನೆ ಅನ್ನೋದರ ಮೇಲೆ. 2023ರಲ್ಲಿ ಟ್ವಿನ್ಸ್ 2002ರ ನಂತರ ಮೊದಲ ಸಲ ಒಂದು ಪ್ಲೇಆಫ್ ಸರಣಿ ಗೆದ್ದಿತು. 2025ರ ಜುಲೈನಲ್ಲಿ ಖರ್ಚು ಇಳಿಸಲು ಹೊರಟಾಗ ಅವನನ್ನು ಅವನ ಹಳೇ ತಂಡ ಹ್ಯೂಸ್ಟನ್ ಆಸ್ಟ್ರೋಸ್‌ಗೆ ವಾಪಸ್ ಕಳಿಸಿತು, ಜೊತೆಗೆ ಸುಮಾರು 3.3 ಕೋಟಿ ಡಾಲರ್ ಕೈಯಿಂದ ಕೊಟ್ಟು. ನಷ್ಟ ಹೌದು. 13 ವರ್ಷದ ಕರಾರಾಗಿದ್ದರೆ ತಗೊಳ್ಳೋಕೆ ಯಾರು ಮುಂದೆ ಬರುತ್ತಿದ್ದರು?