ಹನ್ನೆರಡು ಕೋಟಿ ಡಾಲರಿನ ಎಡಗೈ

2010ರ ಅಕ್ಟೋಬರ್. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಬೇಸ್‌ಬಾಲ್ ತಂಡ ಪ್ಲೇಆಫ್‌ಗೆ, ಅಂದರೆ ಪಟ್ಟಕ್ಕಾಗಿ ನಡೆಯುವ ಕೊನೆಯ ಸುತ್ತುಗಳಿಗೆ, 25 ಜನರ ಪಟ್ಟಿ ಕೊಟ್ಟಿತು. ಇಡೀ ತಂಡದಲ್ಲಿ ಎಲ್ಲರಿಗಿಂತ ಜಾಸ್ತಿ ಸಂಬಳ ಎಣಿಸುತ್ತಿದ್ದವರ ಹೆಸರೇ ಅದರಲ್ಲಿರಲಿಲ್ಲ. ಎರಡನೇ ಸುತ್ತಿನ ಪಟ್ಟಿಯಲ್ಲೂ ಇಲ್ಲ, ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಪಟ್ಟಿಯಲ್ಲೂ ಇಲ್ಲ. ಆ ವರ್ಷ ಜೈಂಟ್ಸ್ ಗೆದ್ದೇಬಿಟ್ಟಿತು. 1958ರಲ್ಲಿ ನ್ಯೂಯಾರ್ಕ್ ಬಿಟ್ಟು ಈ ಊರಿಗೆ ಬಂದ ಮೇಲೆ ಅದೇ ಮೊದಲ ಪಟ್ಟ. ಪಟ್ಟಿಯಲ್ಲಿಲ್ಲದ ಆ ಎಡಗೈ ಪಿಚರ್ (ಚೆಂಡು ಎಸೆಯುವವರು) ಬ್ಯಾರಿ ಝೀಟೊ ಬದಿಯಲ್ಲಿ ಕೂತು ನೋಡಿದರು. ತಮ್ಮ ತಂಡ ಸೋಲಲಿ ಎಂದು ಒಳಗೊಳಗೇ ಬಯಸಿದ್ದಾಗಿ ವರ್ಷಗಳ ನಂತರ ಆತ್ಮಕಥೆಯಲ್ಲಿ ಅವರೇ ಬರೆದುಕೊಂಡರು.

ಝೀಟೊ ಅವರನ್ನು ಇಟ್ಟುಕೊಳ್ಳಬೇಕಾ, ಬಿಡಬೇಕಾ? ಅಷ್ಟು ಹೊತ್ತಿಗೆ ಈ ಜಗಳಕ್ಕೆ ನಾಲ್ಕು ವರ್ಷ ತುಂಬುತ್ತಾ ಬಂದಿತ್ತು.

ಬೇಸ್‌ಬಾಲ್ ಅಷ್ಟಾಗಿ ನೋಡದವರಿಗೆ ಒಂದು ಮಾತು. ನಮ್ಮ ಕ್ರಿಕೆಟ್‌ನಲ್ಲಿ ಬೌಲರ್‌ಗೆ ಲಯ ಸಿಗದಿದ್ದರೆ ನಾಯಕ ಎರಡು ಓವರ್ ಹಾಕಿಸಿ ಸುಮ್ನೆ ಬೌಂಡರಿ ಕಾಯಲು ಕಳಿಸಬಹುದು, ಆಮೇಲೆ ಮತ್ತೆ ಕರೆಯಬಹುದು. ಸ್ಟಾರ್ಟಿಂಗ್ ಪಿಚರ್‌ಗೆ ಆ ಮರೆ ಇಲ್ಲ. ಪಂದ್ಯದ ಮೊದಲ ಎಸೆತ ಅವರದು. ಒಂಬತ್ತು ಇನ್ನಿಂಗ್ಸ್‌ನ ಪಂದ್ಯದಲ್ಲಿ ಐದಾರು ಅವರೇ ಎಳೆಯಬೇಕು. ಒಮ್ಮೆ ಹೊರಗೆ ಕರೆದರೆ ಆ ದಿನ ಮತ್ತೆ ಮೈದಾನಕ್ಕಿಳಿಯುವಂತಿಲ್ಲ. ಇಂಥವರು ತಂಡಕ್ಕೆ ಐದು ಜನ, ಸರದಿಯ ಪ್ರಕಾರ ಬರುತ್ತಾರೆ. ಹಾಗಾಗಿ ಒಬ್ಬರು ಕೆಟ್ಟರೆ ಅಭಿಮಾನಿಗೆ ಐದು ದಿನಕ್ಕೊಮ್ಮೆ ಹೊಟ್ಟೆಯುರಿ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟ ಹಾಗೆ! ಇದನ್ನು ಅಳೆಯಲು ಇಆರ್‌ಎ ಎಂಬ ಲೆಕ್ಕವಿದೆ. ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಬಿಟ್ಟು, ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಸರಾಸರಿ ಎಷ್ಟು ರನ್ ಕೊಟ್ಟರು ಎಂಬುದು. ಮೂರರ ಆಸುಪಾಸಿದ್ದರೆ ಹಬ್ಬ. ಐದು ದಾಟಿದರೆ ಗೊಣಗಾಟ ಶುರು. ಪಂದ್ಯದ ಗೆಲುವು, ಸೋಲನ್ನೂ ಪಿಚರ್ ಹೆಸರಿಗೇ ಬರೆಯುತ್ತಾರೆ.

1975ರ ತನಕ ಇಂಥ ಜಗಳಕ್ಕೆ ಜಾಗವೇ ಇರಲಿಲ್ಲ. ‘ರಿಸರ್ವ್ ಕ್ಲಾಸ್’ ಎಂಬ ಷರತ್ತಿನ ಪ್ರಕಾರ ಒಪ್ಪಂದ ಮುಗಿದರೂ ಆಟಗಾರ ಅದೇ ಮಾಲೀಕನ ಸ್ವತ್ತು. ಪಿಚರ್ ಎಡವಿದರೆ ಮುಂದಿನ ವರ್ಷ ಸಂಬಳ ಕಡಿಮೆ ಮಾಡಿದರಾಯಿತು, ಇಲ್ಲವೇ ಹೊರಗೆ ಹಾಕಿದರಾಯಿತು. ಆ ವರ್ಷ ಡಿಸೆಂಬರ್ 23ರಂದು ಪಂಚಾಯ್ತಿದಾರ ಪೀಟರ್ ಸೈಟ್ಜ್ ಈ ಕಟ್ಟನ್ನು ಬಿಚ್ಚಿದರು. ದೂರು ತಂದ ಆಂಡಿ ಮೆಸ್ಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ, ಇಬ್ಬರೂ ಪಿಚರ್‌ಗಳೇ. ಕೆರಳಿದ ಮಾಲೀಕರು ಸೈಟ್ಜ್ ಅವರನ್ನೇ ಕೆಲಸದಿಂದ ತೆಗೆದರು. ಆದರೆ ಬಾಗಿಲು ತೆರೆದಾಗಿತ್ತು. ಅನುಭವಿ ಆಟಗಾರರು ಹರಾಜಿಗೆ ನಿಂತ ಹಾಗೆ ಬೆಲೆ ಏರಿಸಿಕೊಂಡರು. ಹಲವು ವರ್ಷಗಳ ಖಾತರಿ ಒಪ್ಪಂದಗಳು ಬಂದವು. ಚೆನ್ನಾಗಿ ಆಡಲಿ, ಬಿಡಲಿ, ದುಡ್ಡು ಕೊಡಲೇಬೇಕು.

ಮೊದಲ ಪೆಟ್ಟು ತಿನ್ನಲು ಹೆಚ್ಚು ಕಾಲ ಬೇಕಾಗಲಿಲ್ಲ. ವೇಯ್ನ್ ಗಾರ್ಲೆಂಡ್ 1976ರಲ್ಲಿ ಬಾಲ್ಟಿಮೋರ್ ಪರ 20 ಪಂದ್ಯ ಗೆದ್ದಿದ್ದರು. ಕ್ಲೀವ್‌ಲ್ಯಾಂಡ್ ತಂಡ 10 ವರ್ಷಕ್ಕೆ 23 ಲಕ್ಷ ಡಾಲರ್ ಕೊಟ್ಟು ಕರೆತಂದಿತು. ಪಿಚರ್‌ಗೆ ಹತ್ತು ವರ್ಷ! ಮಾರನೇ ವರ್ಷವೇ ಭುಜ ನೋಯತೊಡಗಿತು. ಇಷ್ಟು ದುಡ್ಡು ತಗೊಂಡು ಕೂರುವುದು ಹೇಗೆ ಅಂತ ನೋವಿನಲ್ಲೇ ಎಸೆದರು, 19 ಪಂದ್ಯ ಸೋತರು. ಭುಜಕ್ಕೆ ಶಸ್ತ್ರಚಿಕಿತ್ಸೆ ಆಯಿತು. ಐದು ವರ್ಷಕ್ಕೆ ತಂಡ ಕೈಬಿಟ್ಟಿತು. 2000ದ ಕೊನೆಯಲ್ಲಿ ಕೊಲರಾಡೊ ತಂಡ ಪಿಚರ್ ಮೈಕ್ ಹ್ಯಾಂಪ್ಟನ್‌ಗೆ 8 ವರ್ಷಕ್ಕೆ 12 ಕೋಟಿ 10 ಲಕ್ಷ ಕೊಟ್ಟಿತು. ಆ ತಂಡದ ನೆಲೆಯಾದ ಡೆನ್ವರ್ ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರದ ಊರು. ತೆಳು ಗಾಳಿಯಲ್ಲಿ ಚೆಂಡು ಸರಿಯಾಗಿ ತಿರುಗುವುದಿಲ್ಲ. ಹೊಡೆದರೆ ದೂರ ಹೋಗುತ್ತದೆ. ಅವರು ಅಲ್ಲಿ ಬಾಳಿದ್ದು ಎರಡೇ ಸೀಸನ್.

ಇಷ್ಟೆಲ್ಲ ಕಣ್ಣೆದುರಿಗೆ ಇದ್ದೂ 2006ರ ಡಿಸೆಂಬರ್‌ನಲ್ಲಿ ಜೈಂಟ್ಸ್ ಝೀಟೊಗೆ 7 ವರ್ಷಕ್ಕೆ 12 ಕೋಟಿ 60 ಲಕ್ಷ ಡಾಲರ್ ಬರೆದುಕೊಟ್ಟಿತು. ಅಲ್ಲಿಯವರೆಗೆ ಯಾವ ಪಿಚರ್‌ಗೂ ಅಷ್ಟು ಸಿಕ್ಕಿರಲಿಲ್ಲ.

ಕಾರಣ ಇರಲಿಲ್ಲ ಅನ್ನುವಂತಿಲ್ಲ. ಕೊಲ್ಲಿಯ ಆಚೆ ದಡದ ಓಕ್‌ಲ್ಯಾಂಡ್‌ನಲ್ಲಿ ಅವರು ಮನೆಮಾತು. 2002ರಲ್ಲಿ 23 ಗೆಲುವು, 5 ಸೋಲು, 2.75 ಇಆರ್‌ಎ, ಜೊತೆಗೆ ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ. ಒಂದು ಸರದಿಯನ್ನೂ ತಪ್ಪಿಸಿಕೊಳ್ಳದ ಗಟ್ಟಿ ದೇಹ. ಮತ್ತೆ ಆ ಕರ್ವ್‌ಬಾಲ್! ಬ್ಯಾಟರ್‌ನ ಕಣ್ಣಿನ ಮಟ್ಟದಲ್ಲಿ ಬರುವ ಚೆಂಡು ಕೊನೆ ಗಳಿಗೆಯಲ್ಲಿ ಅಟ್ಟದಿಂದ ಜಾರಿದ ಹಾಗೆ ಮೊಣಕಾಲಿಗೆ ಬೀಳುತ್ತಿತ್ತು. ಆದರೆ ಲೆಕ್ಕ ಇಡುವವರು ಆಗಲೇ ತಲೆ ಕೆರೆದುಕೊಂಡಿದ್ದರು. 2006ರಲ್ಲಿ ಝೀಟೊ ಬ್ಯಾಟರ್‌ಗಳಿಗೆ ಪುಕ್ಕಟೆ ಬೇಸ್, ಅಂದರೆ ವಾಕ್, ಕೊಟ್ಟಿದ್ದು 99 ಸಲ. ಫಾಸ್ಟ್‌ಬಾಲ್ ಮೊದಲೇ ವೇಗದ್ದಲ್ಲ, ಅದೂ ಇಳಿಯುತ್ತಿತ್ತು. ಫಾಸ್ಟ್‌ಬಾಲ್‌ನ ಹೆದರಿಕೆ ಇಲ್ಲದಿದ್ದರೆ ಬ್ಯಾಟರ್ ಕರ್ವ್‌ಗೆ ಆರಾಮಾಗಿ ಕಾಯುತ್ತಾನೆ, ಅಲ್ವಾ? ತಂಡ ಕಳೆದ ವರ್ಷಗಳ ಸಾಧನೆಗೆ ಮುಂದಿನ ವರ್ಷಗಳ ಬೆಲೆ ಕಟ್ಟಿತು ಎಂದೇ ನನಗೆ ಅನ್ನಿಸುತ್ತದೆ.

2007ರಲ್ಲಿ 11 ಗೆಲುವು, 13 ಸೋಲು. ಜನ ಸಹಿಸಿದರು. 2008ರ ಏಪ್ರಿಲ್‌ನಲ್ಲಿ ಆರಕ್ಕೆ ಆರೂ ಸೋತಾಗ ಇಆರ್‌ಎ 7.53 ಮುಟ್ಟಿತ್ತು. ತಂಡ ಅವರನ್ನು ಸರದಿಯಿಂದ ತೆಗೆದು ಬುಲ್‌ಪೆನ್‌ಗೆ, ಅಂದರೆ ಬದಲಿ ಪಿಚರ್‌ಗಳ ಸಾಲಿಗೆ, ಹಾಕಿತು. ಅಲ್ಲಿಂದ ಒಂದು ಎಸೆತವನ್ನೂ ಎಸೆಯದೆ ಅವರು ಸರದಿಗೆ ವಾಪಸ್ ಬಂದರು. ಆ ವರ್ಷದ ಸೋಲು 17. ಸ್ವಂತ ಮೈದಾನದಲ್ಲೇ ಜನ ಕೂಗಿ ಛೀಮಾರಿ ಹಾಕುತ್ತಿದ್ದರು.

ವಾದ ಎರಡು ಥರ. ದುಡ್ಡು ಹೇಗೂ ಹೋಯಿತು, ಸರದಿಯನ್ನಾದರೂ ಹುಡುಗರಿಗೆ ಕೊಡಿ ಎನ್ನುವವರು ಒಂದು ಕಡೆ. ಇಷ್ಟು ಸುರಿದ ಮೇಲೆ ಬೆಂಚಿನಲ್ಲಿ ಕೂರಿಸಿ ಸಾಕುತ್ತೀರಾ ಎನ್ನುವವರು ಇನ್ನೊಂದು ಕಡೆ. ಮೈನರ್ ಲೀಗ್‌ಗೆ, ಅಂದರೆ ಕೆಳದರ್ಜೆಯ ತಂಡಗಳಿಗೆ, ಕಳಿಸಿ ರಿಪೇರಿ ಮಾಡಿ ಎಂಬ ಸಲಹೆಯೂ ಬರುತ್ತಿತ್ತು. ಅದಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ. 2000ದಲ್ಲಿ ಟೊರೊಂಟೊದ ರಾಯ್ ಹ್ಯಾಲಡೆ ಅವರ ಇಆರ್‌ಎ 10.64. ತಂಡ ಮುಂದಿನ ವರ್ಷ ಅವರನ್ನು ಮೈನರ್ ಲೀಗ್‌ನ ಕೆಳಗಿನ ಮೆಟ್ಟಿಲಿಗೇ ಇಳಿಸಿತು. ಕೋಚ್ ಮೆಲ್ ಕ್ವೀನ್ ತೋಳು ಬೀಸುವ ರೀತಿಯನ್ನೇ ಬದಲಿಸಿದರು. 2003ರಲ್ಲಿ ಹ್ಯಾಲಡೆ ಸೈ ಯಂಗ್ ಗೆದ್ದರು. ಆದರೆ ಕೆಳಗಿಳಿಸಿದಾಗ ಅವರಿಗೆ ಇಪ್ಪತ್ಮೂರು ವರ್ಷ. ಐದು ವರ್ಷ ಸೇವೆ ಮುಗಿಸಿದ ಆಟಗಾರನನ್ನು ಅವನ ಒಪ್ಪಿಗೆ ಇಲ್ಲದೆ ಕೆಳಗೆ ಕಳಿಸುವಂತಿಲ್ಲ ಎಂಬ ನಿಯಮ ಝೀಟೊಗೆ ಕೋಟೆಯಾಗಿತ್ತು. ಹಾಗಾಗಿ ತಂಡದ ಮುಂದೆ ನಿಜವಾಗಿ ಉಳಿದ ಪ್ರಶ್ನೆ ಚಿಕ್ಕದು. ಮುಂದಿನ ಐದನೇ ದಿನ ಇವರಿಗಿಂತ ಚೆನ್ನಾಗಿ ಎಸೆಯುವವರು ನಮ್ಮಲ್ಲಿ ಇದ್ದಾರಾ? ಅಭಿಮಾನಿಗಳು 12 ಕೋಟಿಯ ಲೆಕ್ಕ ಹಾಕುತ್ತಿದ್ದರು, ಮ್ಯಾನೇಜರ್ ಬ್ರೂಸ್ ಬೋಚಿ ಆ ಐದನೇ ದಿನದ್ದು. ಜಗಳ ಹರಿಯದೇ ಇದ್ದದ್ದು ಇದಕ್ಕೇ.

2011ರಲ್ಲಿ ಪಾದಕ್ಕೆ ಪೆಟ್ಟು. ವೃತ್ತಿಯಲ್ಲೇ ಮೊದಲ ಬಾರಿ ಗಾಯಾಳುಗಳ ಪಟ್ಟಿ ಸೇರಿದರು. ಜಾಗ ತುಂಬಿದ ರಯಾನ್ ವೋಗಲ್‌ಸಾಂಗ್ ಮಿಂಚಿದರು. ಕತೆ ಮುಗಿಯಿತು ಅಂದುಕೊಂಡವರೇ ಜಾಸ್ತಿ.

2012ರ ಏಪ್ರಿಲ್ 9ರಂದು, ಹ್ಯಾಂಪ್ಟನ್‌ರನ್ನು ನುಂಗಿದ ಅದೇ ಡೆನ್ವರ್ ಮೈದಾನದಲ್ಲಿ, ಝೀಟೊ ಒಂಬತ್ತೂ ಇನ್ನಿಂಗ್ಸ್ ಎಸೆದು ಒಂದೂ ರನ್ ಕೊಡಲಿಲ್ಲ. ಆ ವರ್ಷ 15 ಗೆದ್ದರು. ಇಆರ್‌ಎ ಮಾತ್ರ 4.15, ಪ್ಲೇಆಫ್‌ನಿಂದ ಕೈಬಿಟ್ಟ 2010ರಲ್ಲಿ ಇದ್ದಷ್ಟೇ! ಅಂಕಿ-ಅಂಶ ನಂಬುವವರು ಇದನ್ನು ಎತ್ತಿ ತೋರಿಸಿದರು, ಗೆಲುವು ಎಣಿಸುವವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಕ್ಟೋಬರ್ 19. ಸೇಂಟ್ ಲೂಯಿಸ್. ಪ್ಲೇಆಫ್ ಸರಣಿಯಲ್ಲಿ ಜೈಂಟ್ಸ್ 3–1ರಿಂದ ಹಿಂದೆ, ಇನ್ನೊಂದು ಸೋತರೆ ಮನೆಗೆ. ಚೆಂಡು ಸಿಕ್ಕಿದ್ದು ಝೀಟೊ ಕೈಗೆ. ಟ್ವಿಟರ್‌ನಲ್ಲಿ ಅಭಿಮಾನಿಗಳು ‘ರ‍್ಯಾಲಿ ಝೀಟೊ’ ಹ್ಯಾಶ್‌ಟ್ಯಾಗ್ ಹಾಕಿದರು. ಅರ್ಧ ಹರಕೆ, ಅರ್ಧ ತಮಾಷೆ. ಫಾಸ್ಟ್‌ಬಾಲ್ ಗಂಟೆಗೆ 85 ಮೈಲಿಯ ಆಸುಪಾಸು. ಇಂದಿನ ಕಾಲೇಜು ಹುಡುಗರೂ ಅದಕ್ಕಿಂತ ಜೋರಾಗಿ ಎಸೆಯುತ್ತಾರೆ. ಆದರೆ ಚೆಂಡು ಅಂಚು ಬಿಟ್ಟು ಆಚೀಚೆ ಹೋಗಲಿಲ್ಲ. ನಾಲ್ಕನೇ ಇನ್ನಿಂಗ್ಸ್‌ನಲ್ಲಿ ಎರಡು ಔಟ್ ಆಗಿದ್ದಾಗ ಬ್ಯಾಟಿಂಗ್ ಸರದಿ ಅವರದೇ ಬಂತು. ಬೀಸುತ್ತಾರೆ, ಔಟಾಗುತ್ತಾರೆ ಎಂದು ಎಲ್ಲರೂ ಕಾದಿದ್ದರೆ, ಇವರು ಬ್ಯಾಟನ್ನು ಅಡ್ಡ ಹಿಡಿದು ಚೆಂಡನ್ನು ಮೂರನೇ ಬೇಸ್ ಕಡೆ ಮೆತ್ತಗೆ ಉರುಳಿಸಿ ಓಡಿದರು. ಒಂದು ರನ್ ಬಂತು. ಏಳೂ ಮುಕ್ಕಾಲು ಇನ್ನಿಂಗ್ಸ್‌ನ ಹತ್ತಿರ ಎಸೆದು, ಒಂದೂ ರನ್ ಬಿಟ್ಟುಕೊಡದೆ ಹೊರಬಂದರು. ಜೈಂಟ್ಸ್ 5–0. ಮುಂದಿನ ಎರಡನ್ನೂ ಗೆದ್ದು ವರ್ಲ್ಡ್ ಸೀರೀಸ್‌ಗೆ ಹೋಯಿತು. ಅಲ್ಲಿ ಮೊದಲ ಪಂದ್ಯದಲ್ಲಿ ಡೆಟ್ರಾಯಿಟ್‌ನ ಜಸ್ಟಿನ್ ವರ್ಲ್ಯಾಂಡರ್ ಎದುರು ನಿಂತು ಗೆದ್ದದ್ದೂ ಝೀಟೊ. ಪಟ್ಟ ನಾಲ್ಕೇ ಪಂದ್ಯದಲ್ಲಿ ಬಂತು.

ವಾಷಿಂಗ್ಟನ್‌ನವರು ಇದನ್ನೇ ತಿರುವುಮುರುವಾಗಿ ಉಂಡರು. 6 ವರ್ಷಕ್ಕೆ 14 ಕೋಟಿ ಪಡೆದ ಪ್ಯಾಟ್ರಿಕ್ ಕಾರ್ಬಿನ್ ಮೊದಲ ವರ್ಷವೇ, 2019ರಲ್ಲಿ, ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯ ಗೆದ್ದುಕೊಟ್ಟರು. ಆಮೇಲೆ 2021ರಲ್ಲಿ 16 ಸೋಲು, 2022ರಲ್ಲಿ 19. ಸಿಹಿ ಮೊದಲು ಬಡಿಸಿದರೆ ಜನ ಕಹಿಯನ್ನು ಸ್ವಲ್ಪ ಜಾಸ್ತಿ ದಿನ ತಡೆದುಕೊಳ್ಳುತ್ತಾರೋ ಏನೋ.

2013ರಲ್ಲಿ ಝೀಟೊ ಮತ್ತೆ ಹಳೇ ದಾರಿ ಹಿಡಿದರು. 5 ಗೆಲುವು, 11 ಸೋಲು, 5.74. ಏಳು ವರ್ಷದ ಒಟ್ಟು ಲೆಕ್ಕ 63 ಗೆಲುವು, 80 ಸೋಲು. ಸೀಸನ್ನಿನ ಕೊನೆಯ ದಿನ ಸ್ಯಾನ್ ಡಿಯಾಗೊ ತಂಡದ ಮಾರ್ಕ್ ಕಾಟ್ಸೆ ನಿವೃತ್ತಿಗೆ ಮುಂಚಿನ ಕೊನೆಯ ಬ್ಯಾಟಿಂಗ್‌ಗೆ ಬಂದರು. ಓಕ್‌ಲ್ಯಾಂಡ್‌ನಲ್ಲಿ ಇಬ್ಬರೂ ಒಂದೇ ತಂಡದಲ್ಲಿ ಆಡಿದವರು. ಬೋಚಿ ಬೇಕಂತಲೇ ಝೀಟೊ ಅವರನ್ನು ಕರೆದರು. ಹಳೇ ಸ್ನೇಹಿತ ಸ್ಟ್ರೈಕ್‌ಔಟ್. ಐದು ವರ್ಷದ ಹಿಂದೆ ಛೀಮಾರಿ ಹಾಕಿದ್ದ ಅದೇ ಮೈದಾನದಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇನ್ನೂ ಒಂದು ವರ್ಷ ಇಟ್ಟುಕೊಳ್ಳುವ ಅವಕಾಶ ಒಪ್ಪಂದದಲ್ಲಿತ್ತು. ಜೈಂಟ್ಸ್ 70 ಲಕ್ಷ ಡಾಲರ್ ಕೊಟ್ಟು ಬೇಡ ಎಂದಿತು.