ಸುಮ್ಮನಿದ್ದರೆ ಒಪ್ಪಿದಂತೆಯೇ?

‘ಮೌನಂ ಸಮ್ಮತಿ ಲಕ್ಷಣಂ’ ಎಂದುಕೊಂಡು ಮುಂದಿನ ಕೆಲಸಕ್ಕೆ ಕೈಹಾಕುವವರು ಬಹಳ. ಕಾನೂನಿನಲ್ಲಿ ಮಾತ್ರ ಈ ಮಾತು ಅಷ್ಟು ಸಲೀಸಾಗಿ ನಡೆದಿಲ್ಲ. ಸುಮ್ಮನಿದ್ದವನು ಒಪ್ಪಿಕೊಂಡ ಎಂದೇನಲ್ಲ, ಅಲ್ಲಗಳೆದಿಲ್ಲ ಎಂಬುದಷ್ಟೇ ನಿಜ ಎಂದಿದ್ದ ರೋಮನ್ ನ್ಯಾಯಪಂಡಿತ ಪೌಲಸ್. 1298ರಲ್ಲಿ ಎಂಟನೇ ಬೋನಿಫೇಸ್ ಪೋಪ್ ಹೊರಡಿಸಿದ ಚರ್ಚ್ ಕಾನೂನು ಸಂಗ್ರಹದ 43ನೇ ಸೂತ್ರ ‘ಸುಮ್ಮನಿರುವವನು ಒಪ್ಪಿದಂತೆ ತೋರುತ್ತಾನೆ’ ಎನ್ನುತ್ತದೆ. ಮರುಸಾಲಿನ 44ನೇ ಸೂತ್ರ ಹೆಚ್ಚುಕಡಿಮೆ ಪೌಲಸನ ಮಾತೇ. ಜನ ನೆನಪಿಟ್ಟುಕೊಂಡದ್ದು 43 ಮಾತ್ರ, ಅದರಲ್ಲೂ ‘ತೋರುತ್ತಾನೆ’ ಎಂಬುದನ್ನು ಬಿಟ್ಟು. ಮಾತಾಡಬೇಕಿದ್ದಾಗ, ಮಾತಾಡಲು ಸಾಧ್ಯವಿದ್ದಾಗ ಸುಮ್ಮನಿದ್ದರೆ ಮಾತ್ರ ಈ ಸೂತ್ರ ಎಂಬ ಷರತ್ತನ್ನೂ ನ್ಯಾಯಶಾಸ್ತ್ರಜ್ಞರು ಸೇರಿಸಿಕೊಂಡರು. ತಕರಾರುಗಳೆಲ್ಲ ಹುಟ್ಟುವುದು ಆ ಷರತ್ತು ಮರೆತಲ್ಲಿ.

ಇಂಗ್ಲೆಂಡಿನ 1862ರ ಕುದುರೆ ಪ್ರಕರಣವನ್ನೇ ನೋಡಿ. ಚಿಕ್ಕಪ್ಪನಿಗೆ ಅಣ್ಣನ ಮಗನ ಕುದುರೆ ಬೇಕು. ಒಬ್ಬ 30 ಪೌಂಡ್ ಎಂದುಕೊಂಡಿದ್ದ, ಇನ್ನೊಬ್ಬ 30 ಗಿನಿ (ಪೌಂಡಿಗೆ 20 ಶಿಲಿಂಗ್, ಗಿನಿಗೆ 21). ಚಿಕ್ಕಪ್ಪ ವ್ಯತ್ಯಾಸವನ್ನು ಅರ್ಧ ಮಾಡಿ ಕಾಗದ ಬರೆದ: ‘ಮತ್ತೇನೂ ತಿಳಿಸದಿದ್ದರೆ 30 ಪೌಂಡ್ 15 ಶಿಲಿಂಗಿಗೆ ಕುದುರೆ ನನ್ನದೆಂದುಕೊಳ್ಳುತ್ತೇನೆ.’ ಉತ್ತರ ಬರಲಿಲ್ಲ. ಅಣ್ಣನ ಮಗನ ಜಾನುವಾರು ಹರಾಜಿಗಿದ್ದವು. ಹರಾಜುದಾರ ಕಣ್ತಪ್ಪಿ ಆ ಕುದುರೆಯನ್ನೂ ಮಾರಿಬಿಟ್ಟ, ಚಿಕ್ಕಪ್ಪ ಅವನ ಮೇಲೆ ದಾವೆ ಹೂಡಿ ಸೋತ. ಉತ್ತರಿಸಲೇಬೇಕಾದ ಹೊರೆಯನ್ನು ಒಬ್ಬ ಇನ್ನೊಬ್ಬನ ತಲೆಗೆ ಕಟ್ಟುವಂತಿಲ್ಲ ಎಂದಿತು ಕೋರ್ಟು. ತಮಾಷೆಯೆಂದರೆ, ಹುಡುಗನಿಗೆ ಮಾರುವ ಮನಸ್ಸಿತ್ತು. ಈ ಕುದುರೆ ಹರಾಜಿಗಲ್ಲ ಎಂದು ಹರಾಜುದಾರನಿಗೆ ಹೇಳಿಯೂ ಇದ್ದ. ಚಿಕ್ಕಪ್ಪನಿಗೆ ಹೇಳಿರಲಿಲ್ಲ, ಅಷ್ಟೆ.

ಮೌನ ಬೇರೆ, ಇಂಗಿತ ಬೇರೆ. ಇಂಗಿತದ ಒಪ್ಪಿಗೆಗೆ ಕಣ್ಣಿಗೆ ಕಾಣುವ ಒಂದು ಕ್ರಿಯೆ ಬೇಕು: ರಕ್ತ ತೆಗೆಯಲು ಬಂದವರ ಮುಂದೆ ಅಂಗಿಯ ತೋಳು ಮಡಚಿ ಕೈಚಾಚುವುದು, ಬಸ್ ಹತ್ತಿ ಕೂರುವುದು. 1891ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಕೋರ್ಟು ತೀರ್ಮಾನಿಸಿದ್ದು ಇಂಥದ್ದನ್ನೇ. ಹಡಗಿನಲ್ಲಿ ಸಿಡುಬಿನ ಲಸಿಕೆಯ ಸಾಲು. ತನಗೆ ಹಿಂದೆಯೇ ಲಸಿಕೆ ಆಗಿದೆ ಎಂದಳು ಒಬ್ಬ ಪ್ರಯಾಣಿಕಳು. ಗುರುತು ಕಾಣುತ್ತಿಲ್ಲ, ಮತ್ತೆ ಹಾಕಬೇಕು ಎಂದ ವೈದ್ಯ. ಅವಳು ತೋಳೆತ್ತಿ ಹಿಡಿದಳು, ಸೂಜಿ ಬಿತ್ತು. ಮನಸ್ಸಿನಲ್ಲಿ ಏನೇ ಇದ್ದರೂ ವೈದ್ಯ ಹೊರಗಿನ ನಡೆ ನೋಡಿ ಮುಂದುವರಿದದ್ದು ತಪ್ಪಲ್ಲ ಎಂದಾಯಿತು. ಆದರೆ ಲಸಿಕೆಯ ಚೀಟಿ ಇಲ್ಲದವರನ್ನು ಬಂದರಿನಲ್ಲಿ ಕ್ವಾರಂಟೈನ್ ಮಾಡುತ್ತಿದ್ದರು. ಆ ತೋಳು ಒಪ್ಪಿ ಎದ್ದಿತೋ, ವಿಧಿಯಿಲ್ಲದೆಯೋ? ನಮ್ಮ ಮಟ್ಟಿಗೆ ಈ ತೀರ್ಪಿನ ದುರ್ಬಲ ಜಾಗ ಇದೇ.

ಇಂಗಿತಕ್ಕೊಂದು ಎಲ್ಲೆಯೂ ಇದೆ. ರಕ್ತಪರೀಕ್ಷೆಗೆ ಚಾಚಿದ ಕೈ ಆ ಪರೀಕ್ಷೆಗೆ ಮಾತ್ರ. ಉಳಿದ ರಕ್ತವನ್ನು ಸಂಶೋಧನೆಗೆ ಬಳಸಲು ಬೇರೆಯಾಗಿ ಕೇಳಬೇಕು. ನಡುವೆ ಕೈ ಹಿಂದಕ್ಕೆಳೆದರೆ ಅಲ್ಲಿಗೆ ಮುಗಿಯಿತು.

ದೇಹಸಂಬಂಧದ ವಿಷಯದಲ್ಲಿ ಈ ಎಲ್ಲೆ ಕಾನೂನಿಗೆ ಬರಲು ಬಹಳ ಕಾಲ ಹಿಡಿಯಿತು. ಕೆನಡಾದಲ್ಲಿ ಕೆಲಸದ ಸಂದರ್ಶನಕ್ಕೆ ಬಂದ 17ರ ಹುಡುಗಿ ಬೇಡವೆಂದರೂ ಮೈಮುಟ್ಟಿದವನನ್ನು ಕೆಳಗಿನ ಕೋರ್ಟು ‘ಇಂಗಿತದ ಒಪ್ಪಿಗೆ’ಯ ಹೆಸರಲ್ಲಿ ಬಿಟ್ಟಿತ್ತು. ಲೈಂಗಿಕ ಹಲ್ಲೆಯ ಪ್ರಕರಣದಲ್ಲಿ ಅಂಥ ಸಮರ್ಥನೆಯೇ ಇಲ್ಲ ಎಂದು 1999ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಭಯದಿಂದ ಮೈ ಮರಗಟ್ಟಿದವರೂ ಸುಮ್ಮನಿರುತ್ತಾರೆ. ಸ್ವೀಡನ್ 2018ರಲ್ಲಿ ಕಾನೂನನ್ನೇ ಬದಲಿಸಿತು: ಬಲಪ್ರಯೋಗ, ಬೆದರಿಕೆ ಸಾಬೀತಾಗಬೇಕಿಲ್ಲ, ಸ್ವಇಚ್ಛೆ ಇತ್ತೇ ಎಂಬುದೇ ಪ್ರಶ್ನೆ.

ಪರದೆಯ ಮೇಲಿನದೂ ಇದೇ ಜಗಳ. ಮೊದಲೇ ಟಿಕ್ ಹಾಕಿಟ್ಟ ಚೌಕವನ್ನು ಬಳಕೆದಾರ ಅಳಿಸದೇ ಬಿಟ್ಟರೆ ಕುಕೀಗಳಿಗೆ (ನಮ್ಮ ಗುರುತು ಹಿಡಿಯಲು ಜಾಲತಾಣಗಳು ನಮ್ಮ ಸಾಧನದಲ್ಲಿ ಇಡುವ ಪುಟ್ಟ ಕಡತಗಳಿಗೆ) ಒಪ್ಪಿದಂತಾಗದು ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2019ರಲ್ಲಿ ಹೇಳಿತು. ಅಳಿಸದಿದ್ದವರು ಓದಿ ಬಿಟ್ಟರೋ ಓದದೇ ಬಿಟ್ಟರೋ ತಿಳಿಯುವ ದಾರಿಯೇ ಇಲ್ಲವಲ್ಲ.

ಇನ್ನೊಂದು ಬಗೆ, ಊಹಿಸಿಕೊಂಡ ಒಪ್ಪಿಗೆ. ಬೇಡವೆಂದು ಹೇಳದೇ ಸತ್ತವರ ಅಂಗಾಂಗ ತೆಗೆಯಲು ಸ್ಪೇನ್‌ನ 1979ರ ಕಾನೂನು ಅವಕಾಶ ಕೊಡುತ್ತದೆ. ಆದರೂ ಅಲ್ಲಿನ ಆಸ್ಪತ್ರೆಗಳಲ್ಲಿ ಸಂಯೋಜಕರು ಮನೆಯವರ ಎದುರು ಕೂತು ಕೇಳುತ್ತಾರೆ, ಅವರು ಬೇಡವೆಂದರೆ ಮುಟ್ಟುವುದಿಲ್ಲ.